ಭಾತಂಬ್ರಾದ ಸಾಸಿವೆ ದಿಂಬು

ತನ್ನ ಮಾತನ್ನು ಮನೆಯಲ್ಲಿ ಯಾರೂ ಕೇಳುವುದಿಲ್ಲ ಎಂಬುದು ನಾಗಸೇನನ ಹಳೆಯ ದುಃಖ. ಕಮಠಾಣದ ಹೈಸ್ಕೂಲಿನಲ್ಲಿ ಅವನು ವಿಜ್ಞಾನದ ಮೇಷ್ಟ್ರು. ಅಲ್ಲಿ ಅವನು ಕೆಮ್ಮಿದರೂ ಮಕ್ಕಳು ಬರೆದುಕೊಳ್ಳುತ್ತಾರೆ. ಬೀದರಿನ ಬಾಡಿಗೆ ಮನೆಯಲ್ಲಿ ಆ ವಿದ್ಯೆ ನಡೆಯದು. ಅಲ್ಲಿರುವವರು ಹೆಂಡತಿ ಸಪನಾ, ಸ್ವಂತ ಊರಾದ ಭಾತಂಬ್ರಾದಿಂದ ಬಂದಿದ್ದ ತಾಯಿ ಕೇಶರಬಾಯಿ, ಮತ್ತು ಇನ್ನೂ ಕತ್ತು ನಿಲ್ಲದ ಮಗಳು. ಇವರಲ್ಲಿ ಕತ್ತು ನಿಲ್ಲದವಳೇ ಹೆಚ್ಚು ಹಟಮಾರಿ.

ಮಕ್ಕಳ ಡಾಕ್ಟರು ಬಿಡಿಸಿ ಹೇಳಿದ್ದರು: ಕೂಸನ್ನು ಅಂಗಾತ ಮಲಗಿಸಬೇಕು, ಹಾಸಿಗೆ ಗಟ್ಟಿಯಾಗಿ ಸಮತಟ್ಟಾಗಿರಬೇಕು, ತಲೆಗೆ ದಿಂಬು ಬೇಡ, ಮೇಲೆ ದಪ್ಪ ಕೌದಿ ಬೇಡ, ಪಕ್ಕದಲ್ಲಿ ಗೊಂಬೆ ಗಿಂಬೆ ಬೇಡ. ನಾಗಸೇನ ತನ್ನ ವಂಶದಲ್ಲೇ ಮೊದಲ ಪದವೀಧರ. ಯಾರು ಏನು ಹೇಳಿದರೂ ನಾಳೆ ಪರೀಕ್ಷೆಯಿದೆ ಎಂಬಂತೆ ಕಲಿಯುವುದು ಅವನ ಜಾಯಮಾನ. ಮನೆಗೆ ಬಂದವನೇ ತೊಟ್ಟಿಲು ಖಾಲಿ ಮಾಡಿದ. ಹಾಸಿಗೆ ಗಟ್ಟಿಯಿದೆಯೇ ಎಂದು ಅದರಲ್ಲಿ ಮೊಣಕಾಲೂರಿ ನೋಡಿದ (ತೊಟ್ಟಿಲಿನ ಒಂದು ಪಟ್ಟಿ ಲಟಕ್ಕೆಂದಿತು, ಅದನ್ನು ಅವನೇ ರಿಪೇರಿ ಮಾಡಿದ, ಆಮೇಲೆ ಬಡಗಿ ಬಂದು ಆ ರಿಪೇರಿಯನ್ನು ರಿಪೇರಿ ಮಾಡಿದ). ಕೂಸು ಮಲಗಿತೆಂದರೆ ಮೂಗಿನ ಕೆಳಗೆ ಬೆರಳು ಹಿಡಿದು ಉಸಿರು ಪರೀಕ್ಷಿಸುತ್ತಿದ್ದ. ಬೆರಳಿಗೆ ಸೀಮೆಸುಣ್ಣ ಮೆತ್ತಿರುತ್ತಿದ್ದುದರಿಂದ ಕೂಸು ಸೀನಿ ಎಚ್ಚರಾಗುತ್ತಿತ್ತು. ಸೀನಿತೆಂದರೆ ಉಸಿರಿದೆ ಎಂದೇ ಅರ್ಥ. ನಾಗಸೇನ ನಿಶ್ಚಿಂತನಾಗಿ ಎದ್ದು ಹೋಗುತ್ತಿದ್ದ. ಮತ್ತೆ ಮಲಗಿಸುವ ರಾಜ್ಯಭಾರ ಸಪನಾಳದು.

"ನೀವು ಉಸಿರು ನೋಡ್ಲಾಕ ಬರ್ತೀರೋ, ನಿದ್ದಿ ಕೆಡಸ್ಲಾಕ ಬರ್ತೀರೋ?" ಎಂದು ಅವಳು ಕೇಳಿದರೆ, ಎರಡೂ ವಿಜ್ಞಾನದಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ ಎನ್ನುತ್ತಿದ್ದ.

ಇಂಥ ಖಾಲಿ ತೊಟ್ಟಿಲಿನೊಳಕ್ಕೆ ಕೇಶರಬಾಯಿ ತನ್ನ ಟ್ರಂಕಿನಿಂದ ಒಂದು ದಿಂಬನ್ನು ತೆಗೆದಿಟ್ಟಳು. ಅಂಗೈಯಗಲದ ದಿಂಬು. ನಾಗಸೇನನ ಅಜ್ಜ ತಲೆಗೆ ಸುತ್ತುತ್ತಿದ್ದ ಹಳೆಯ ಪಟಗದ ಬಟ್ಟೆ, ಒಳಗೆ ಸಾಸಿವೆ. ಭಾತಂಬ್ರಾದಲ್ಲಿ ಹುಟ್ಟಿದ ಕೂಸಿನ ತಲೆ ದುಂಡಗಾಗಬೇಕಾದರೆ ಸಾಸಿವೆ ದಿಂಬು ಬೇಕೇ ಬೇಕು. ಕೂಸು ತಲೆ ಹೊರಳಿಸಿದ ಕಡೆ ಸಾಸಿವೆ ಸರಿದು ಗುಳಿಯಾಗುತ್ತದೆ. ನಾಗಸೇನ ಅದನ್ನು ನೋಡಿದ ಕೂಡಲೇ ಗುರುತಿಸಿದ. ಊರಿನ ಮಾಳಿಗೆಯ ಮೇಲೆ ಶಂಡಿಗೆಯ ಪಕ್ಕದಲ್ಲಿ ಈ ದಿಂಬು ಸದಾ ಬಿಸಿಲು ಕಾಯಿಸುತ್ತ ಬಿದ್ದಿರುತ್ತಿತ್ತು. ಚಿಕ್ಕವನಿದ್ದಾಗ ಅವನು ಅದನ್ನು ಕಿವಿಯ ಹತ್ತಿರ ಅಲುಗಾಡಿಸಿ, ತಗಡಿನ ಮೇಲೆ ತುಂತುರು ಬಿದ್ದಂಥ ಸದ್ದು ಕೇಳುತ್ತಿದ್ದ. ತಂಗಿ ಆರತಿ ಮೂಗಿಗೆ ಒತ್ತಿ ವಾಸನೆ ಕುಡಿಯುತ್ತಿದ್ದಳು: ಔಡಲ ಎಣ್ಣೆ, ಲೋಬಾನದ ಹೊಗೆ, ಬಿಸಿಲು. ಆ ದಿಂಬು ಯಾವಾಗಲೂ ಬಿಸಿಲಿನಲ್ಲೇ ಯಾಕೆ ಇರುತ್ತಿತ್ತು ಎಂದು ಮುಂದೆ ವಿಜ್ಞಾನ ಮೇಷ್ಟ್ರಾಗುವವನು ಒಮ್ಮೆಯೂ ಯೋಚಿಸಿರಲಿಲ್ಲ.

ನೆನಪು ಬೇರೆ, ವಿಜ್ಞಾನ ಬೇರೆ. ಅವನು ದಿಂಬು ಎತ್ತಿ ಈಚೆ ಇಟ್ಟ. ಅಂಗಾತ ಮಲಗಿಸುವುದರ ಮಹತ್ವವನ್ನು ಅವ್ವನಿಗೆ ವಿವರಿಸಿದ.

"ನಾ ಎಂದರ ಬೋರಲ ಹಾಕೀನೇನು?" ಎಂದಳು ಕೇಶರಬಾಯಿ. "ನಿಮಗೆಲ್ಲ ಅಂಗಾತೇ ಹಾಕೀನಿ. ಅಂಗಾತ ಹಾಕಿದ್ರ ತಲಿ ಹಿಂದ ಚಪ್ಪಟ ಆಗ್ತದ, ಅದಕ್ಕೇ ದಿಂಬು. ನಿನ್ನ ತಲಿ ಮುಟ್ಟಿ ನೋಡ್ಕೋ, ಕಲಂಗಡಿ ಹಂಗದ. ಸುಮ್ಮ ಆಗ್ಯಾದೇನು?"

ಮಗನ ಪದವಿಯೂ ಆ ದಿಂಬಿನ ಫಲವೆಂದೇ ಅವಳ ನಂಬಿಕೆ. ಪದವಿ ಪ್ರದಾನದ ಫೋಟೋದಲ್ಲಿ ಅವನು ತೊಟ್ಟ ಚೌಕ ಟೋಪಿ ನೋಡಿ, ಕಷ್ಟಪಟ್ಟು ದುಂಡಗೆ ಮಾಡಿದ ತಲೆಗೆ ಇದೇನು ಹಲಗೆ ಹೊಡೆದಾರ ಎಂದು ಮರುಗಿದವಳು ಅವಳು.

ಎಚ್ಚರವಿದ್ದಾಗ ಎದುರಿಗೆ ಕೂತು ಸ್ವಲ್ಪ ಹೊತ್ತು ಬೋರಲು ಆಡಿಸಿದರೆ, ಆಗಾಗ ಎತ್ತಿಕೊಂಡರೆ ತಲೆ ತಾನಾಗಿ ದುಂಡಗಾಗುತ್ತದೆ, ಮಲಗಿದಾಗ ಮಾತ್ರ ಮುಖದ ಹತ್ತಿರ ಏನೂ ಇರಬಾರದು ಎಂದು ನಾಗಸೇನ ಡಾಕ್ಟರರ ಮಾತನ್ನು ಒಪ್ಪಿಸಿದ. ಅವ್ವ ಕೇಳಿದಳು. ಅವನು ಶಾಲೆಗೆ ಹೋದ. ಸಂಜೆ ಬಂದರೆ ದಿಂಬು ತೊಟ್ಟಿಲಲ್ಲಿ. ಅವನು ತೆಗೆದ. ಸ್ನಾನ ಮಾಡಿ ಬಂದರೆ ಮತ್ತೆ ತೊಟ್ಟಿಲಲ್ಲಿ. ಸಪನಾ ಇಬ್ಬರ ನಡುವೆ ಕೂತು ಕನ್ನಡ-ಮರಾಠಿ ಗಡಿ ವಿವಾದ ನೋಡುವ ಕಮಲನಗರದವರಂತೆ ಯಾವ ಭಾಷೆಯಲ್ಲೂ ಮಾತಾಡಲಿಲ್ಲ. ಅವಳ ಬಾಣಂತಿ ರಜೆ ಮುಗಿಯುತ್ತ ಬಂದಿತ್ತು. ಅವಳು ಭಾಲ್ಕಿಯ ಕಚೇರಿಗೆ ಹೋಗಬೇಕಾದರೆ ಕೂಸಿನ ಹತ್ತಿರ ಅತ್ತೆ ಇರಬೇಕು. ಅತ್ತೆ ಊರಿಗೆ ಹೋದಳೆಂದರೆ ಕೆಲಸ ಹೋಯಿತು.

ಮೂರನೆಯ ಸಲ ದಿಂಬು ತೆಗೆದಾಗ ಕೇಶರಬಾಯಿ ಜಗಳ ತೆಗೆಯಲಿಲ್ಲ. ಅದೇ ಭಯ ಹುಟ್ಟಿಸುವಂಥದ್ದು. ಸೆರಗಿನಿಂದ ಕೈ ಒರೆಸಿಕೊಂಡು, "ದಿಂಬಿಗಿ ಜಾಗಾ ಇಲ್ಲದ ಮನ್ಯಾಗ ನಂದೇನು ಕೆಲಸ ಅದ" ಎಂದಷ್ಟೇ ಅಂದು ಟ್ರಂಕಿನ ಕಡೆ ನೋಡಿದಳು. ನಾಗಸೇನ ಗಾಬರಿಯಾಗಿ, ದಿಂಬು ಎಲ್ಲೂ ಹೋಗುವುದಿಲ್ಲ, ಮಗಳು ದೊಡ್ಡವಳಾಗುವ ತನಕ ಅಟ್ಟದ ಮೇಲೆ ಜೋಪಾನವಾಗಿರುತ್ತದೆ ಎಂದು ಮಾತು ಕೊಟ್ಟ. ಅವಳು ಉಳಿದಳು.

ಅಟ್ಟದಲ್ಲಿ ಇಲಿಗಳಿದ್ದವು. ಇದು ಅವನಿಗೆ ಮಾತು ಕೊಟ್ಟ ಮೇಲೆ ನೆನಪಾಯಿತು. ಇಲಿ ಸಾಸಿವೆಗೆ ಬರುತ್ತದೆ, ಅಜ್ಜನ ಬಟ್ಟೆಯನ್ನೂ ಕಡಿಯುತ್ತದೆ. ಸಾಸಿವೆಯನ್ನು ಚೆಲ್ಲೋಣವೆಂದರೆ ಅವನು ದವಸ ಚೆಲ್ಲುವ ಮನೆಯಲ್ಲಿ ಹುಟ್ಟಿದವನಲ್ಲ. ರಾಶಿಯ ಕಣದಲ್ಲಿ ಬಿದ್ದ ಒಂದು ಜೋಳದ ಕಾಳನ್ನೂ ಬಗ್ಗಿಸಿ ಹೆಕ್ಕಿಸಿದ ತಾಯಿಯ ಮಗ. ಆಗ ಅವನಿಗೊಂದು ದಿವ್ಯ ಉಪಾಯ ಹೊಳೆಯಿತು. ಮೊಮ್ಮಗಳಿಗೆಂದು ಅವ್ವ ಹೊಸ ಸಾಸಿವೆಯನ್ನೇ ತುಂಬಿ ತಂದಿರುತ್ತಾಳೆ, ಬಟ್ಟೆ ಮಾತ್ರ ಹಳೆಯದು ಎಂದು ಅವನು ತರ್ಕಿಸಿದ. ಹೆಂಗಸರಿಬ್ಬರೂ ಕೆಳಗೆ ಮನೆ ಒಡತಿ ಬಿಸ್ಮಿಲ್ಲಾಬೀ ಹತ್ತಿರ ಕೂಸನ್ನು ತೋರಿಸಲು ಹೋಗಿದ್ದಾಗ, ದಿಂಬಿನ ಹೊಲಿಗೆ ಬಿಚ್ಚಿ ಸಾಸಿವೆಯನ್ನೆಲ್ಲ ಅಡುಗೆಮನೆಯ ಡಬ್ಬಿಗೆ ಸುರಿದ. ಬಟ್ಟೆಯನ್ನು ಮಡಚಿ ತನ್ನ ಪುಸ್ತಕಗಳ ಹಿಂದೆ ಇಟ್ಟ. ಕೂಸು ಕ್ಷೇಮ, ಬಟ್ಟೆ ಕ್ಷೇಮ, ದವಸ ಕ್ಷೇಮ. ಡಬ್ಬಿ ಹೇಗೆ ತುಂಬಿತು ಎಂದು ಸಪನಾ ಕೇಳಿದ್ದಕ್ಕೆ, ನಜಮೋದ್ದೀನನ ಅಂಗಡಿಯಿಂದ ತಂದೆ ಎಂದ.

ಮರುದಿನವೇ ಸಪನಾಳ ತಕರಾರು ಶುರುವಾಯಿತು. ಈ ಸಾಸಿವೆ ಎಣ್ಣೆಯಲ್ಲಿ ಎಷ್ಟು ಹೊತ್ತಾದರೂ ಚಟಪಟ ಎನ್ನುವುದಿಲ್ಲ, ಸುಮ್ಮನೆ ಕೂತಿರುತ್ತದೆ. ಗಾಳಿಯ ಒತ್ತಡ ಮತ್ತು ಕಾಳಿನೊಳಗಿನ ತೇವಾಂಶದ ಬಗ್ಗೆ ನಾಗಸೇನ ಒಂದು ಪೀರಿಯಡ್ಡಿನಷ್ಟು ವಿವರಿಸಿದ. ನಜಮೋದ್ದೀನನನ್ನು ಕೇಳಿ ಬನ್ನಿ ಎಂದು ಅವಳು ಅಟ್ಟಿದಳು. ಅವನು ಹೋಗಿ ಬಾಯಿ ತೆರೆಯುವ ಮೊದಲೇ ಆ ಸಜ್ಜನ ಕೂಸಿನ ಕ್ಷೇಮ ವಿಚಾರಿಸಿ, ಚಹಾ ತರಿಸಿ, ಕೈಯಲ್ಲಿ ಕಲ್ಲುಸಕ್ಕರೆ ಇಟ್ಟ. ನಾಗಸೇನ ಚಹಾ ಕುಡಿದು, "ಅವ ತಪ್ಪು ಒಪ್ಕೊಂಡಾನ" ಎಂದು ಮನೆಗೆ ಬಂದು ಹೇಳಿದ.

ಆದರೆ ರುಚಿ? ರುಚಿಯ ವಿಷಯದಲ್ಲಿ ನಾಗಸೇನನಿಗೆ ಸಂಶಯವೇ ಇರಲಿಲ್ಲ. ಸಪನಾ ಅದೇ ಸಾಸಿವೆಯನ್ನು ಮಿಕ್ಸಿಗೆ ಹಾಕಿ ಮಾವಿನ ಉಪ್ಪಿನಕಾಯಿ ಮಾಡಿದಳು. ಮೊದಲ ಹೋಳು ನಾಲಗೆಗೆ ತಾಗಿದ್ದೇ ತಡ, ಅವನ ಕಣ್ಣು ತಾನಾಗಿ ಮುಚ್ಚಿತು. ಮಾಳಿಗೆ ಕಂಡಿತು. ಮಾಳಿಗೆಯ ಮೇಲೆ ಕೂತು ಹುಣಸೆಬೀಜ ಆಡುವ ಆರತಿ ಕಂಡಳು. ಕುರಿ ಹೊಡೆದುಕೊಂಡು ಬರುವ ಅಪ್ಪ ದತ್ತಾತ್ರಿಯ ಕಂಬಳಿ ಕಂಡಿತು.

"ಇದರಾಗ ನಮ್ಮೂರ ವಾಸನಿ ಅದ, ಸಪನಾ. ಖರೆ ಹೇಳ್ತೇನಿ, ನಾ ಸಣ್ಣಾವ ಇದ್ದಾಗಿನ ವಾಸನಿ."

ಬಿ.ಪಿ. ಗುಳಿಗೆ ನುಂಗುವ ಅವ್ವ ಉಪ್ಪಿನಕಾಯಿ ಮುಟ್ಟುತ್ತಿರಲಿಲ್ಲ. ಅವಳ ಪಾಲನ್ನೂ ಅವನೇ ತಿಂದ. ಬಿಸ್ಮಿಲ್ಲಾಬೀಗೆ ಒಂದು ಬಟ್ಟಲು ಹೋಯಿತು. ಕಮಠಾಣದ ಶಾಲೆಗೆ ಒಂದು ಶೀಶೆ ಹೋಯಿತು. ಹೆಡ್‌ಮಾಸ್ಟರ್ ಧಮ್ಮಪಾಲ ಸರ್ ಬೆರಳು ನೆಕ್ಕಿ, ಇಂಥದ್ದು ಈಗ ಎಲ್ಲಿ ಸಿಗುತ್ತದೆ ಎಂದರು. ನಾಗಸೇನ ವಿನಯದಿಂದ ತಲೆ ತಗ್ಗಿಸಿದ.

ಆಗ ಔರಾದದಿಂದ ಫೋನು ಬಂತು. ಆರತಿಗೆ ಗಂಡು ಹುಟ್ಟಿದ್ದ. ಎರಡನೆಯ ಹೆರಿಗೆಯಾದ್ದರಿಂದ ಅವಳು ಗಂಡನ ಮನೆಯಲ್ಲೇ ಇದ್ದಳು. ಕೇಶರಬಾಯಿ ಫೋನಿನಲ್ಲಿ ನಕ್ಕಳು, ಅತ್ತಳು, ಆಮೇಲೆ ಫೋನನ್ನು ಮಗನ ಕಿವಿಗಿಟ್ಟಳು.

"ಅಣ್ಣಾ, ದಿಂಬು ಕಳಸ್ತೀ?" ಎಂದಳು ಆರತಿ. "ಕೂಸಿಗಿ ಅಲ್ಲೋ, ಇಲ್ಲಿ ಸಿಸ್ಟರನೂ ದಿಂಬು ಬ್ಯಾಡ ಅಂದಾಳ. ನನಗೇ ಬೇಕು. ಅವ್ವನ ಮನಿಗಿ ಬರ್ಲಾಕ ಆಗ್ಲಿಲ್ಲ, ವಾಸನಿ ಆದ್ರೂ ಬರ್ಲಿ."

ನಾಗಸೇನನ ಹೊಟ್ಟೆಯಲ್ಲಿ ಏನೋ ಚಟಪಟ ಎಂದಿತು.

ನಾಳೆ ಕೊಡುತ್ತೇನೆಂದು ಅವ್ವನಿಗೆ ಹೇಳಿ, ಆ ಸಂಜೆಯೇ ನಜಮೋದ್ದೀನನ ಅಂಗಡಿಗೆ ಓಡಿದ. ಒಳ್ಳೆ ಹೊಸ ಸಾಸಿವೆ ತಂದು, ಬಾಗಿಲು ಹಾಕಿಕೊಂಡು ದಿಂಬಿಗೆ ತುಂಬಿ, ತನ್ನ ಕೈಯಾರೆ ಹೊಲಿದ. ಹೊಲಿಗೆ ಒಂಬತ್ತನೇ ತರಗತಿಯ ರೇಖಾಗಣಿತದಂತೆ ಬಂತು. ಮರುದಿನ ಅಟ್ಟದಿಂದ ಇಳಿಸಿದವನಂತೆ ಬಟ್ಟೆಯ ಧೂಳು ಕೊಡವುತ್ತ ಅವ್ವನ ಮುಂದೆ ಇಟ್ಟ.

ಕೇಶರಬಾಯಿ ಹೊಲಿಗೆಯನ್ನು ನೋಡಲಿಲ್ಲ. ದಿಂಬನ್ನು ಕಿವಿಯ ಹತ್ತಿರ ಅಲುಗಾಡಿಸಿದಳು. ಮೂಗಿಗೆ ಒತ್ತಿದಳು. ಬಹಳ ಹೊತ್ತು ಒತ್ತಿಕೊಂಡೇ ಇದ್ದಳು. ಮುಖ ಸಣ್ಣದಾಯಿತು.

"ಇದು ಅಂಗಡೀದದ."

"ಸಾಸಿವಿ ಸಾಸಿವೀನೇ ಅಲ್ಲೇನವ್ವಾ. ಹೊಸಾದು, ಛಲೋದು."

"ಹಳೇದು ಎಲ್ಲದ?"

ಉತ್ತರಕ್ಕೆ ಕಾಯದೆ ಅವಳು ದಿಂಬನ್ನು ಮಡಿಲಲ್ಲಿಟ್ಟು, ಯಾರಿಗೂ ಅಲ್ಲವೆಂಬಂತೆ ಹೇಳತೊಡಗಿದಳು. ನಾಗಸೇನ ತನ್ನ ಹೊಟ್ಟೆಯಲ್ಲಿದ್ದ ವರ್ಷ ಹೊಲದ ಬದುವಿನಲ್ಲಿ ಬಿತ್ತಿದ ಸಾಸಿವೆ ಅದು. ಅವನ ಅಜ್ಜಿ ತನ್ನ ಕೈಯಿಂದ ಬಡಿದು, ಮೊರದಲ್ಲಿ ಕೇರಿ ದಿಂಬಿಗೆ ತುಂಬಿದ್ದು. ಅವತ್ತಿನಿಂದ ಅದರ ಒಂದು ಕಾಳನ್ನೂ ಬದಲಿಸಿಲ್ಲ. ಅವನು ಮಲಗಿದ, ಆರತಿ ಮಲಗಿದಳು, ಓಣಿಯ ಅರ್ಧ ಮಕ್ಕಳು ಮಲಗಿದರು.

"ನೀ ಅಂತೂ ದಿನಾ ತೋಯಿಸ್ತಿದ್ದಿ," ಎಂದಳು, ದನಿಯಲ್ಲಿ ಮುದ್ದು ತೊಟ್ಟಿಕ್ಕುತ್ತಿತ್ತು. "ಮೂತ್ರ ಒಂದೇ ಏನು, ಕುಡದ ಹಾಲೆಲ್ಲ ಅದರ ಮ್ಯಾಲೇ ಕಕ್ತಿದ್ದಿ. ತೋಯಿಸಿದಾಗೆಲ್ಲ ಮಾಳಿಗಿ ಮ್ಯಾಲ ಒಣಗಸೀನಿ. ಹಂಗೇ ಆ ವಾಸನಿ ಬಂದದ್ದು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸಪನಾಳ ಕೈ ನಿಧಾನವಾಗಿ ಬಾಯಿಗೆ ಹೋಯಿತು. ಡಬ್ಬಿಯನ್ನು ನೋಡಿದಳು. ಉಪ್ಪಿನಕಾಯಿಯ ಜಾಡಿಯನ್ನು ನೋಡಿದಳು. ಕೊನೆಗೆ ಗಂಡನನ್ನು ನೋಡಿದಳು.

"ಸಣ್ಣಾವ ಇದ್ದಾಗಿನ ವಾಸನಿ ಅಂದ್ರಿ ನೋಡ್ರಿ," ಎಂದಳು. "ಖರೇನೇ ಹೇಳೀರಿ."

ನಾಗಸೇನ ಎಲ್ಲವನ್ನೂ ಒಪ್ಪಿಸಿದ. ಧಮ್ಮಪಾಲ ಸರ್ ಬೆರಳು ನೆಕ್ಕಿದ್ದನ್ನು ಮಾತ್ರ ಹೇಳಲು ನಾಲಗೆ ಏಳಲಿಲ್ಲ. ಅವ್ವ ಈಗ ಟ್ರಂಕು ತೆಗೆಯುತ್ತಾಳೆ, ಸಪನಾಳ ಭಾಲ್ಕಿ ಬಸ್ಸು ತಪ್ಪಿತು ಎಂದುಕೊಂಡು ನಿಂತ. ಕೇಶರಬಾಯಿ ಎದ್ದಳು. ಟ್ರಂಕನ್ನು ದಾಟಿ ಅಡುಗೆಮನೆಗೆ ಹೋದಳು. ಡಬ್ಬಿಯ ತಳದಲ್ಲಿ ಉಳಿದಿದ್ದ ಹಿಡಿಯಷ್ಟು ಸಾಸಿವೆಯನ್ನು ಅಂಗೈಗೆ ಹಾಕಿಕೊಂಡು ಮೂಸಿದಳು. ಅವಳ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ನಾಗಸೇನ ಹತ್ತಿರ ಹೋದರೆ, ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕು, ಅಂಗಡಿಯ ಸಾಸಿವೆ ತೆಗೆದು, ಆ ಹಿಡಿಯನ್ನು ಬಟ್ಟೆಗೆ ಹಾಕಿ ಹೊಲಿದಳು. ದಿಂಬು ತಾಯಿತದಷ್ಟಾಯಿತು.

"ಇಷ್ಟು ಇದು. ಬಾಕೀದು ನಿನ್ನ ಹೊಟ್ಟ್ಯಾಗ ಅದ. ನೀನೇ ಔರಾದಕ್ಕ ಹೋಗು, ಎರಡೂ ಮುಟ್ಟಿದಂಗ ಆಗ್ತದ."

ಔರಾದದ ಬಸ್ಸಿನಲ್ಲಿ ಅವನು ಆ ಪುಟ್ಟ ದಿಂಬನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಕೂತ. ಅವ್ವನ ಫೋನು ಅವನಿಗಿಂತ ಮೊದಲೇ ತಲುಪಿತ್ತು. ಆರತಿ ದಿಂಬನ್ನು ಮೂಗಿಗೆ ಒತ್ತಿ ಕಣ್ಣು ಮುಚ್ಚಿದಳು. ತುಸು ಹೊತ್ತು ಅಣ್ಣ ತಂಗಿ ಭಾತಂಬ್ರಾದ ಮಾಳಿಗೆಯ ಮೇಲಿದ್ದರು. ಆಮೇಲೆ ಅವಳು ಕೂಸನ್ನು ಎತ್ತಿ ಅವನ ಎದೆಗೆ ಹಾಕಿದಳು.

"ತಗೋ. ಬಾಕಿ ದಿಂಬು ಬಂತು ನೋಡಪ್ಪಾ ನಿನ್ನ ಹತ್ತರ," ಎಂದು ಕೂಸಿಗೆ ಹೇಳಿದಳು.

ನಾಗಸೇನ ಅಭ್ಯಾಸಬಲದಿಂದ ಕೂಸಿನ ಮೂಗಿನ ಕೆಳಗೆ ಬೆರಳು ಹಿಡಿಯಲು ಹೋದ. ಉಸಿರು ಚೆನ್ನಾಗಿತ್ತು. ಉಳಿದ ವ್ಯವಸ್ಥೆಗಳೂ ಚೆನ್ನಾಗಿಯೇ ಇದ್ದವು: ಅವನ ಇಸ್ತ್ರಿ ಅಂಗಿಯ ಮುಂಭಾಗ ಬೆಚ್ಚಗಾಗಿ, ಮೆಲ್ಲಗೆ ಹೊಟ್ಟೆಯ ತನಕ ಇಳಿಯಿತು.

ಆರತಿ ಕೂಸನ್ನು ಎತ್ತಿಕೊಂಡು, ಅಂಗಾತ, ಏನೂ ಇಲ್ಲದ ಹಾಸಿಗೆಯ ಮೇಲೆ ಮಲಗಿಸಿದಳು. ಆಮೇಲೆ ಅಣ್ಣನಿಗೆ ಮಾಳಿಗೆಯ ಮೆಟ್ಟಿಲು ತೋರಿಸಿದಳು.

"ಹೋಗಿ ಬಿಸಲಿಗಿ ಕೂಡು. ಒಣಗಿದ ಮ್ಯಾಲೇ ವಾಸನಿ ಬರ್ತದ."