ತಿರುವಿನಲ್ಲಿ ನಾನು ಇಳಿಯಲಿಲ್ಲ

ಸಿಂಚನಾ, ಪ್ರೀತಮ್, ನಿಮ್ಮ ಅಜ್ಜಿ ನಾಚಿಕೆಯ ಹೆಂಗಸು ಎಂಬುದು ನಿಮಗೆ ಗೊತ್ತೇ ಇದೆ. ಎಷ್ಟು ನಾಚಿಕೆ ಎಂಬುದು ಗೊತ್ತಿರಲಿಕ್ಕಿಲ್ಲ. ಆಲೂರಿನಿಂದ ಬಸ್ಸಿನಲ್ಲಿ ಬರುವಾಗ ನನ್ನ ಸ್ಟಾಪು ಬಂದರೂ "ಇಳಿಯೋರಿದ್ದಾರೆ" ಎಂದು ಕೂಗಲು ಬಾಯಿ ಬರದೆ, ಮುಂದಿನ ಸ್ಟಾಪಿನಲ್ಲಿ ಬೇರೆ ಯಾರಾದರೂ ಇಳಿಯುವವರೆಗೆ ಕಾದು, ಅಲ್ಲಿಂದ ನಡೆದು ಹಿಂದಕ್ಕೆ ಬಂದವಳು ನಾನು. ಒಂದು ಸಲ ಅಲ್ಲ, ಹತ್ತಾರು ಸಲ. ಕಂಡಕ್ಟರು ನನ್ನ ಮನೆ ಆ ಮುಂದಿನ ಸ್ಟಾಪಿನಲ್ಲೇ ಇದೆ ಎಂದು ತಿಳಿದುಕೊಂಡು, ಕೊನೆಕೊನೆಗೆ ಟಿಕೆಟ್ಟೂ ಅಲ್ಲಿಗೇ ಕೊಡತೊಡಗಿದ್ದ. ಅದನ್ನೂ ನಾನು ತಿದ್ದಲಿಲ್ಲ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ಇಷ್ಟು ಹಾಳೆ ತುಂಬಿಸಲು ಕೂತಿದ್ದಾಳೆ ಎಂದರೆ ಏನೋ ಅನ್ಯಾಯವಾಗಿದೆ ಎಂದೇ ಅರ್ಥ. ಅನ್ಯಾಯ ಇಷ್ಟೇ: ಆ ದಿನ ಕಾರಿನಿಂದ ನಾನು ಇಳಿದೆ ಎಂದು ನಿಮ್ಮ ದೊಡ್ಡಜ್ಜ ಬಂದವರಿಗೆಲ್ಲ ಹೇಳುತ್ತಿದ್ದಾರೆ. ನಾನು ಇಳಿಯಲಿಲ್ಲ. ನಡೆದದ್ದು ನಡೆದ ಹಾಗೆ ಬರೆಯುತ್ತೇನೆ, ನೀವೇ ಓದಿ ತೀರ್ಮಾನ ಮಾಡಿ.

ಆ ಕಾರನ್ನು ನೀವು ನೋಡಿದ್ದೀರಿ. ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂತಹ ಮೈ, ಮುಂದೆ ಉದ್ದ ಮೂತಿ, ತಲೆಯ ಮೇಲೆ ಆಕಾಶ. ನಿಮ್ಮಜ್ಜ ಲೆಕ್ಕ ಬರೆಯುವ ರೈಟರ್ ಆಗಿದ್ದ ಎಸ್ಟೇಟು ಕೈ ಬದಲಾದಾಗ, ಹೊಸ ಮಾಲೀಕರು ಹಳೆಯ ಬಿಳಿ ದೊರೆಯ ಶೆಡ್ಡು ಖಾಲಿ ಮಾಡಿಸಿದರು. ಬೇರೆಯವರು ಬೀರು, ಮಂಚ, ಕುರ್ಚಿ ತೆಗೆದುಕೊಂಡರು. ನಿಮ್ಮಜ್ಜ ಇದನ್ನು ಎತ್ತಿನಗಾಡಿಗೆ ಕಟ್ಟಿ ಎಳೆಸಿಕೊಂಡು ಮನೆಗೆ ತಂದರು. ನಾನು ಒಂದು ಬೀರುವಿಗಾಗಿ ಕಾದು ಬಾಗಿಲಲ್ಲಿ ನಿಂತಿದ್ದೆ. "ಸ್ಪೋರ್ಟ್ಸ್ ಕಾರು ಕಣೇ, ಇಂಥದ್ದು ಇಡೀ ತಾಲ್ಲೂಕಲ್ಲಿ ಇನ್ನೊಂದಿಲ್ಲ" ಎಂದರು. ಅದು ನಿಜವೇ. ಇನ್ನೊಂದು ಯಾಕಿಲ್ಲ ಎಂಬುದು ನಮ್ಮ ರಸ್ತೆ ಹತ್ತಿದ ಮೇಲೆ ತಿಳಿಯಿತು. ಸಪಾಟು ದಾರಿಯಲ್ಲಿ ಅದು ಜಿಂಕೆ. ಏರು ಕಂಡರೆ ಗಬ್ಬದ ಎಮ್ಮೆ. ಗೊಬ್ಬರದ ಮೂಟೆ ಹೇರಿಕೊಂಡ ಟಿಲ್ಲರು ನಮ್ಮನ್ನು ಹಿಂದೆ ಹಾಕಿ ಹೋಗಿದೆ. ಹೋಗುವಾಗ ಅದರ ಮೇಲೆ ಕೂತವರು ಕೈ ಬೀಸಿದ್ದಾರೆ. ನಿಮ್ಮಜ್ಜನೂ ಸಂತೋಷದಿಂದ ಕೈ ಬೀಸಿದ್ದಾರೆ.

ನಮ್ಮ ಮನೆ ಕೆಳಗೆ, ಹಳ್ಳದ ಪಕ್ಕ. ನಿಮ್ಮ ದೊಡ್ಡಜ್ಜನ ಮನೆ ಮೇಲೆ, ಗುಡ್ಡದ ನೆತ್ತಿಯಲ್ಲಿ. ಅವರು ನಿಮ್ಮಜ್ಜನ ಅಣ್ಣ, ಎಂದರೆ ನನಗೆ ಭಾವ. ಹಬ್ಬ, ಹೆಸರಿಡುವುದು, ತಿಥಿ, ಏನೇ ಇರಲಿ ಮೇಲಕ್ಕೆ ಹೋಗಲೇಬೇಕು. ದಾರಿಯ ನಡುವೆ ಒಂದು ಕಡಿದಾದ ತಿರುವು. ಕಾರು ಸರಿಯಾಗಿ ಅಲ್ಲಿಗೆ ಬಂದು ಕೆಮ್ಮಿ ನಿಲ್ಲುತ್ತಿತ್ತು. ಹ್ಯಾಂಡ್‌ಬ್ರೇಕು ದೊರೆಯ ಕಾಲದಲ್ಲೇ ಸತ್ತಿತ್ತು. ನಿಮ್ಮಜ್ಜ ಬ್ರೇಕಿನ ಮೇಲೆ ನಿಂತುಕೊಂಡಂತೆ ಕೂತು, ಬಹಳ ಮೆತ್ತಗೆ, "ಇಳೀತೀಯಾ?" ಎನ್ನುತ್ತಿದ್ದರು. ನಾನು ಇಳಿದು, ನನ್ನ ಕಾಲಬುಡದಲ್ಲೇ ಇರುತ್ತಿದ್ದ ಕಲ್ಲನ್ನು ಹಿಂದಿನ ಚಕ್ರಕ್ಕೆ ಕೊಡಬೇಕು. ಅವರು ಮತ್ತೆ ಇಂಜಿನ್ ಎಬ್ಬಿಸಿ, ನನ್ನ ಭಾರವಿಲ್ಲದ ಕಾರನ್ನು ಹೇಗೋ ಮೇಲಕ್ಕೆ ಹತ್ತಿಸುತ್ತಿದ್ದರು. ನಾನು ಕಲ್ಲನ್ನು ಸೊಂಟಕ್ಕಿಟ್ಟುಕೊಂಡು, ರೇಷ್ಮೆ ಸೀರೆ ಎತ್ತಿ ಹಿಡಿದು, ಹಿಂದೆ ನಡೆಯುತ್ತಿದ್ದೆ. ತಿರುವಿನ ಪಕ್ಕದಲ್ಲೇ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳು. ಕಾರಿನ ಸದ್ದು ಕೇಳಿದ ಕೂಡಲೇ ಮಕ್ಕಳು ಮುದುಕರೆಲ್ಲ ಜಗಲಿಗೆ ಬಂದು ಕೂರುತ್ತಿದ್ದರು, ನಾನು ಕಲ್ಲು ಕೊಡುವುದನ್ನು ನೋಡಲು. ನಾಚಿಕೆಯವಳಿಗೆ ಇದಕ್ಕಿಂತ ಶಿಕ್ಷೆ ಬೇಕೇ? ಮೇಲೆ ತಲುಪಿದರೆ ಭಾವನವರು ಜಗಲಿಯಿಂದಲೇ ಕೂಗುತ್ತಿದ್ದರು: "ಇಂಜಿನ್ ಬಂತು ಕಣ್ರೋ! ಬೋಗಿ ದೋಣಿಗಲ್ ಟೇಸನ್‌ನಾಗೆ ಕಳಚ್ಕಂಡೈತೆ, ನಡ್ಕಂಡ್ ಬರ್ತಾ ಐತೆ!" ಎಲ್ಲರೂ ನಗುತ್ತಿದ್ದರು. ನಿಮ್ಮಜ್ಜನೂ. ಪಾಪ, ಅಣ್ಣ ನಗುವಾಗ ನಗದೆ ಇರಲು ಅವರಿಗೆ ಬರುತ್ತಿರಲಿಲ್ಲ.

ಉತ್ತರ ಕೊಡೋಣವೆಂದರೆ ನನಗೆ ದಾರಿಯೇ ಇರಲಿಲ್ಲ. ಗಂಡನ ಅಣ್ಣನ ಜೊತೆ ನೇರ ಮಾತಾಡುವ ಪದ್ಧತಿ ನಮ್ಮ ಕಡೆ ಇರಲಿಲ್ಲ. ಹೇಳುವುದನ್ನು ಮೂರನೆಯವರ ಮುಖ ನೋಡಿ ಹೇಳಬೇಕು. ಯಾರೂ ಇಲ್ಲದಿದ್ದರೆ ಬೆಕ್ಕಿಗೆ ಹೇಳುತ್ತಿದ್ದೆ. "ಬೆಕ್ಕೇ, ಎಲೆ ಹಾಕಿದೆ, ಏಳಬೇಕಂತೆ." ಭಾವನವರೂ ಬೆಕ್ಕಿಗೇ ಉತ್ತರ ಹೇಳುತ್ತಿದ್ದರು. "ಬೆಕ್ಕೇ, ಇವತ್ ಸಾರಿಗೆ ಉಪ್ಪು ಕಮ್ಮಿ ಆಗೈತೆ." ಆ ಬೆಕ್ಕಿನಷ್ಟು ವ್ಯವಹಾರ ತಿಳಿದ ಪ್ರಾಣಿ ಈ ಸುತ್ತಿನಲ್ಲಿ ಇರಲಿಲ್ಲ.

ಈಗ ಇನ್ನೊಂದು ಇಂಜಿನ್ನಿನ ಕಥೆ. ದೊರೆಗೆ ಅದೇ ಕಂಪನಿಯ, ಅದೇ ಕಾಲದ ಒಂದು ದೊಡ್ಡ ಕಾರೂ ಇತ್ತಂತೆ. ಅದು ಘಾಟಿಯಲ್ಲಿ ಮರಕ್ಕೆ ಗುದ್ದಿ ಮೈಯೆಲ್ಲ ಮುದ್ದೆಯಾದರೂ ಇಂಜಿನ್ ಮಾತ್ರ ಚೆನ್ನಾಗಿ ಉಳಿಯಿತು. ಮಲೆನಾಡಿನಲ್ಲಿ ಯಾವ ಇಂಜಿನ್ನಿಗೂ ಸುಲಭದಲ್ಲಿ ಸಾವಿಲ್ಲ. ಅದು ಹಳ್ಳದ ಪಂಪ್‌ಹೌಸಿಗೆ ಬಂದು, ಕಾಫಿ ಗಿಡಕ್ಕೆ ನೀರು ಹಾರಿಸುವ ಕೆಲಸಕ್ಕೆ ಕೂತಿತು. ಆ ಜಾಗ ನಮ್ಮ ಪಾಲಿಗೆ ಬಂದ ಮೇಲೆ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷಗಳಲ್ಲಿ ಅದನ್ನು ಓಡಿಸುತ್ತಿದ್ದವಳು ನಾನೇ. ನಿಮ್ಮಜ್ಜ ಪೈಪಿನ ಹಿಂದೆ ಗುಡ್ಡದ ಮೇಲೆ, ನಾನು ಇಂಜಿನ್ನಿನ ಮುಂದೆ ಹಳ್ಳದಲ್ಲಿ. ಅದರ ಉಸಿರು ನನಗೆ ಗೊತ್ತು. ಆರು ಸಿಲಿಂಡರು. ಇಡೀ ಗುಡ್ಡಕ್ಕೆ ನೀರು ಹತ್ತಿಸುತ್ತಿದ್ದ ಇಂಜಿನ್ ಅದು. ಕರೆಂಟಿನ ಮೋಟಾರು ಬಂದು ಅದು ಸುಮ್ಮನೆ ಕೂತಾಗ ನಿಮ್ಮಜ್ಜನನ್ನು ಕೇಳಿದ್ದೆ. "ಅಷ್ಟು ನೀರು ಹತ್ತಿಸಿದ್ದು ನನ್ನೊಬ್ಬಳನ್ನ ಹತ್ತಿಸಲ್ವಾ? ಕಾರಿಗೆ ಹಾಕ್ಬಾರ್ದಾ?" ಅವರು ಹೋಗಿ ಅಣ್ಣನಿಗೆ ಹೇಳಿದರು. ಅಣ್ಣ ಒಂದು ವಾರ ನಕ್ಕರು. ಅಲ್ಲಿಗೆ ಮುಗಿಯಿತು.

ನಿಮ್ಮಜ್ಜ ಹೋದ ಮೇಲೆ ಕಾರು ನಮ್ಮ ಕಾಫಿ ಸ್ಟೋರಿನಲ್ಲಿ ತಾಡಪಾಲು ಹೊದ್ದು ಮಲಗಿತು. ಹೋದ ವರ್ಷ ಭಾವನವರು ಒಂದು ಯೋಚನೆ ಮಾಡಿದರು. ಮೇಲಿನ ಮನೆಯ ಅಂಗಳದಲ್ಲಿ ಗಾಜಿನ ಶೆಡ್ಡು ಕಟ್ಟಿಸಿ, ತಮ್ಮನ ನೆನಪಿಗೆ ಕಾರನ್ನು ಅದರೊಳಗೆ ನಿಲ್ಲಿಸುವುದು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು, ಸುಳ್ಳು ಹೇಳಬಾರದು. ಆದರೆ ನನಗೆ ಆ ಮಾತು ಸರಿಬರಲಿಲ್ಲ. ಅಷ್ಟು ವರ್ಷ ನಾನು ಹಿಂದೆ ನಡೆದ ಕಾರು ಕಡೆಗೂ ಅವರ ಅಂಗಳಕ್ಕೆ ಹೋಗಿ ಗಾಜಿನೊಳಗೆ ಕೂರುವುದು, ನಾನು ಕೆಳಗಿನಿಂದ ನಡೆದು ಹೋಗಿ ನೋಡಿ ಬರುವುದು! ಮರುದಿನವೇ ಬೆಳಗೋಡಿನಿಂದ ಪುಟ್ಟರಾಜುವನ್ನು ಕರೆಸಿದೆ. ಜೀಪು, ಟಿಲ್ಲರು, ಕಾಫಿ ಹಣ್ಣು ಸುಲಿಯುವ ಪಲ್ಪರು ಎಲ್ಲವನ್ನೂ ರಿಪೇರಿ ಮಾಡುವ ಐವತ್ತರ ಗಂಡಸು. ಪಂಪ್‌ಹೌಸಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಆತ ಇಂಜಿನ್ನಿನ ಸುತ್ತ ಎರಡು ಸುತ್ತು ಬಂದು, "ಅಮ್ಮಾ, ಇದು ಆ ಕಾರಿಗೆ ದೊಡ್ಡಣ್ಣ ಇದ್ದಂಗೆ ಕಣಮ್ಮ. ಕೂರ್ತದೆ. ಆದ್ರೆ ಮೂತಿ ಸಾಲಲ್ಲ, ಬಾನೆಟ್ ಮುಚ್ಚಲ್ಲ" ಎಂದ. "ಮುಚ್ಚದಿದ್ರೆ ತೂತು ಕೊರಿ" ಎಂದೆ. ನನ್ನ ಬಾಯಿಂದಲೇ ಬಂತಾ ಎಂದು ನಾನೇ ತಿರುಗಿ ನೋಡಿದೆ.

ಸುದ್ದಿ ಮೇಲಕ್ಕೆ ಹೋಯಿತು. ಎಂಬತ್ತು ದಾಟಿದರೂ ದಿನಾ ತೋಟ ಸುತ್ತುವ ಭಾವನವರು ಕೋಲು ಬೀಸಿಕೊಂಡು ಸ್ಟೋರಿಗೇ ಬಂದರು. ಅಷ್ಟು ಹೊತ್ತಿಗೆ ಹಳೆಯ ಇಂಜಿನ್ನು ಕೆಳಗಿಳಿದು ಗೋಣಿಚೀಲದ ಮೇಲೆ ಕೂತಿತ್ತು. ನಾನು ಸೆರಗು ಸರಿಮಾಡಿಕೊಂಡು ಕಂಬದ ಹಿಂದೆ ಸರಿದೆ. ಬೆಕ್ಕು ಸತ್ತು ಎಷ್ಟೋ ವರ್ಷವಾಗಿದ್ದರಿಂದ ಇಬ್ಬರೂ ಪುಟ್ಟರಾಜುವಿನ ಮುಖ ನೋಡಿದೆವು.

"ಪುಟ್ಟರಾಜ, ಕಂಪ್ನಿಯೋನು ಕೂರ್ಸಿದ್ ಇಂಜಿನ್ ಕಿತ್ತಾಕ್ಬುಟ್ರೆ ಒರಿಜಿನಲ್ ಏನ್ ಉಳೀತು ಅಂತ ಕೇಳು ಅವ್ರನ್ನ."

"ಪುಟ್ಟರಾಜು, ಇದೂ ಅದೇ ಕಂಪನಿದೇ, ಅದೇ ಕಾಲದ್ದೇ ಅಂತ ಹೇಳು."

"ನನ್ ತಮ್ಮನ್ ನೆನಪು ಇರೋದು ಆ ಇಂಜಿನ್‌ನಾಗೆ ಅಂತ ಹೇಳು."

"ನೆನಪು ಅದ್ರಲ್ಲೇ ಇರ್ಲಿ. ನಡೆದ ಕಾಲು ಯಾರದ್ದು ಅಂತ ಕೇಳು."

ಪುಟ್ಟರಾಜು ಸ್ಪ್ಯಾನರ್ ಕೆಳಗಿಟ್ಟ. "ಅಲ್ರೀ, ಇಬ್ರೂ ಎದುರುಬದ್ರು ನಿಂತಿದ್ದೀರಾ. ನನ್ ಯಾಕೆ ಪೋಸ್ಟ್ ಡಬ್ಬ ಮಾಡ್ತೀರಾ ಮಾರಾಯ್ರೇ? ನಾನ್ ಬೀಡಿ ಸೇದ್ಕಂಡ್ ಬತ್ತೀನಿ, ಮಾತಾಡ್ಕಳಿ."

ಆತ ಹೊರಗೆ ಹೋದ. ಆತ ಬೀಡಿ ಮುಗಿಸಿ ಬರುವವರೆಗೆ ಭಾವನವರು ಮಾಡಿನ ಹೆಂಚು ನೋಡಿದರು, ನಾನು ನೆಲ ನೋಡಿದೆ. ಆತ ಬಂದ ಮೇಲೆ ಭಾವನವರು ತೀರ್ಪು ಕೊಟ್ಟರು. "ಪುಟ್ಟರಾಜ, ಈ ಗಾಡಿ ತಾನಾಗೇ ನಮ್ಮ ಗೇಟಿನ ತಂಕ ಹತ್ತಿ ಬಂದು ನಿಂತ್ರೆ ಅವ್ರದ್ದೇ. ನಾನ್ ಮಾತಾಡಲ್ಲ. ಮಧ್ಯ ನಿಂತ್ರೆ, ಇಲ್ಲಾ ಹಿಂದಕ್ ಜಾರಿದ್ರೆ, ಟ್ರ್ಯಾಕ್ಟರ್‌ಗೆ ಕಟ್ಟಿ ಎಳ್ಕಂಡ್ ಹೋಗಿ ಗಾಜಿನ ಮನೆಗೆ ಸೇರಿಸ್ತೀನಿ." ನಾನು ಕಂಬದ ಹಿಂದಿನಿಂದ ಹೇಳಿದೆ: "ಪುಟ್ಟರಾಜು, ಆಗ್ಲಿ ಅಂತ ಹೇಳು. ಹತ್ತುವಾಗ ನಾನು ಕಾರಿನಲ್ಲೇ ಕೂತಿರ್ತೀನಿ, ಇಳಿಯಲ್ಲ ಅಂತಾನೂ ಹೇಳು." "ಹತ್ತುವಾಗ" ಎಂದೆ. ಈ ಮಾತನ್ನು ನೆನಪಿಡಿ ಮಕ್ಕಳೇ.

ಎರಡು ತಿಂಗಳು ಕೆಲಸ ನಡೆಯಿತು. ಇಂಜಿನ್ನನ್ನು ತೂಗಿಹಾಕಿ ಇಳಿಸಿದರೆ ಅರ್ಧ ಅಡಿ ಉದ್ದ ಜಾಸ್ತಿ. ರೇಡಿಯೇಟರನ್ನು ಮುಂದೆ ತಳ್ಳಿ, ಇಂಜಿನ್ ಕೂರುವ ಬ್ರಾಕೆಟ್ಟುಗಳನ್ನು ಕತ್ತರಿಸಿ ಬೆಸುಗೆ ಹಾಕಿದ್ದಾಯಿತು. ಬಾನೆಟ್ಟಿಗೆ ತೂತು ಕೊರೆದ ಮೇಲೆ ಇಂಜಿನ್ನಿನ ನೆತ್ತಿ ಹೊರಗೆ ಇಣುಕಿತು. ಅದರ ಮೇಲೆ ಏನು ಮುಚ್ಚುವುದೆಂದು ಪುಟ್ಟರಾಜು ತಲೆ ಕೆರೆದುಕೊಂಡಾಗ ನಾನು ಇಡ್ಲಿ ಪಾತ್ರೆಯ ಮುಚ್ಚಳ ತಂದುಕೊಟ್ಟೆ. ಅಳತೆ ಮಾಡಿಸಿದಂತೆ ಕೂತಿತು. ಅಂದಿನಿಂದ ನಮ್ಮ ಮನೆಯ ಇಡ್ಲಿಯ ಮೇಲೆ ತಟ್ಟೆ ಮುಚ್ಚಿ ಬೇಯಿಸುತ್ತಿದ್ದೇನೆ. ನೀವು ಬಂದಾಗ ಇಡ್ಲಿ ಗಟ್ಟಿ ಎಂದು ದೂರಿದಿರಲ್ಲ, ಕಾರಣ ಇದು. ಇಂಜಿನ್ ನಂಬರು ಬದಲಾಯಿಸಲು ಆರ್‌ಟಿಒ ಆಫೀಸಿಗೆ ಅರ್ಜಿಯನ್ನೂ ಬರೆದೆ. ಯಾಕೆ ಬದಲಾಯಿಸುತ್ತೀರಿ ಎಂದು ಕೇಳಿದ್ದಕ್ಕೆ "ಏರಿನಲ್ಲಿ ಇಳಿದು ಸಾಕಾಗಿದೆ" ಎಂದು ಬರೆದಿದ್ದೆ. ಪುಟ್ಟರಾಜು ಅದನ್ನು ಹೊಡೆದುಹಾಕಿಸಿ ಬೇರೇನೋ ಬರೆಸಿದ. ನನ್ನದೇ ಸರಿಯಾದ ಉತ್ತರ ಎಂದು ಈಗಲೂ ಹೇಳುತ್ತೇನೆ.

ಕಾಫಿ ಹೂ ಬಿಟ್ಟ ವಾರ, ಒಂದು ಬೆಳಿಗ್ಗೆ, ಹೊರಟೆವು. ಪುಟ್ಟರಾಜು ಸ್ಟೇರಿಂಗ್ ಹಿಡಿದ. ನಾನು ನಿಮ್ಮಮ್ಮ ತಂದುಕೊಟ್ಟ ಹಸಿರು ಸೀರೆ ಉಟ್ಟು, ತಲೆಗೆ ಬಿಗಿಯಾಗಿ ಸ್ಕಾರ್ಫು ಕಟ್ಟಿಕೊಂಡು ಪಕ್ಕದಲ್ಲಿ ಕೂತೆ. ಇಂಜಿನ್ ಎದ್ದಾಗ ನನಗೆ ಹಳ್ಳದ ವಾಸನೆಯೇ ಬಂದಂತಾಯಿತು. ಲೈನ್ ಮನೆಗಳವರು ಅಭ್ಯಾಸಬಲದಿಂದ ಜಗಲಿಯಲ್ಲಿ ಕೂತಿದ್ದರು. ಆಗ ಮಕ್ಕಳಾಗಿದ್ದವರು ಈಗ ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ತಿರುವು ಬಂತು. ನನ್ನ ಕಾಲುಗಳು ತಾವಾಗಿಯೇ ಬಾಗಿಲ ಕಡೆ ತಿರುಗಿದವು. ಕಾರು ಕೆಮ್ಮಲಿಲ್ಲ. ಒಂದು ಸಲ ಗುಟುರು ಹಾಕಿ, ತಿರುವನ್ನು ತಿರುವು ಎಂದೂ ಎಣಿಸದೆ ಹತ್ತಿಕೊಂಡು ಹೋಯಿತು. ಜಗಲಿಯ ಮೇಲೊಬ್ಬಳು ಮುದುಕಿ, "ಅಯ್ಯೋ, ಇವತ್ ಇಳೀಲೇ ಇಲ್ವಲ್ಲೇ!" ಎಂದು ನಿರಾಸೆಯಿಂದ ಕೂಗಿದಳು. ನಾನು ನಾಚಿಕೆ ಬಿಟ್ಟು ಕೈ ಬೀಸೋಣವೆಂದು ಹೋದರೆ ಕೈಗಳು ಬಿಡುವಾಗಿರಲಿಲ್ಲ. ನೋಡಿದರೆ ಎರಡೂ ಕೈಯಲ್ಲಿ ಅದೇ ಹಳೆಯ ಕಲ್ಲು! ಕಾಲಬುಡದಿಂದ ಯಾವಾಗ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆನೋ, ದೇವರಾಣೆ ಗೊತ್ತಿಲ್ಲ.

ಗೇಟು ಬಂತು. ಭಾವನವರು ಟ್ರ್ಯಾಕ್ಟರಿನ ಪಕ್ಕದಲ್ಲಿ, ಹಗ್ಗ ಸಿದ್ಧ ಮಾಡಿಕೊಂಡು ನಿಂತಿದ್ದರು. ಗೇಟಿನ ಎದುರು ಕೂಡ ಏರೇ. ಪುಟ್ಟರಾಜು ಕಾರು ನಿಲ್ಲಿಸಿದ, ನಿಂತಿತು, ಗೆದ್ದೆವು ಎಂದುಕೊಂಡೆ. ಆಗ ಆತ ಹಲ್ಲು ಕಚ್ಚಿಕೊಂಡು ಹೇಳಿದ: "ಅಮ್ಮಾ, ಹ್ಯಾಂಡ್‌ಬ್ರೇಕ್ ಇಲ್ಲ. ಕಾಲ್‌ಬ್ರೇಕು ಒಳಕ್ಕೆ ಇಳೀತಾ ಐತೆ. ಹತ್ತೋದ್ನ ನೋಡ್ದೆ ಕಣಮ್ಮ, ನಿಲ್ಲೋದ್ನ ನೋಡ್ಲೇ ಇಲ್ಲ! ಕಲ್ಲು! ಕಲ್ಲು!" ಎರಡು ತಿಂಗಳು ಇಡ್ಲಿ ಮುಚ್ಚಳದವರೆಗೆ ಯೋಚಿಸಿದ ನಮ್ಮಿಬ್ಬರಿಗೂ ಬ್ರೇಕಿನ ನೆನಪೇ ಬಂದಿರಲಿಲ್ಲ. ಕಾರು ಕೂದಲೆಳೆಯಷ್ಟು ಹಿಂದಕ್ಕೆ ಸರಿಯಿತು. ಇಳಿದರೆ ನನ್ನ ಮಾತು ಹೋಯಿತು, ಇಳಿಯದಿದ್ದರೆ ಕಾರೇ ಹೋಯಿತು. ಸುತ್ತ ನೋಡಿದೆ. ಬೆಕ್ಕಿಲ್ಲ. ಪುಟ್ಟರಾಜು ಬ್ರೇಕಿನ ಮೇಲೆ. ಗೇಟಿನಲ್ಲಿ ಇದ್ದವರು ಒಬ್ಬರೇ. ನಾನು ಕಲ್ಲನ್ನು ಎತ್ತಿ ಬಾಗಿಲಿನಾಚೆ ಚಾಚಿ, ಮದುವೆಯಾಗಿ ಬಂದ ಮೇಲೆ ಮೊದಲ ಸಲ ಅವರ ಮುಖ ನೋಡಿ ಹೇಳಿದೆ:

"ಭಾವ, ಚಕ್ರಕ್ಕೆ ಕಲ್ಲು ಕೊಡಿ!"

ಅವರ ಕೈಯ ಹಗ್ಗ ಕೆಳಗೆ ಬಿತ್ತು. ಆದರೆ ಬಂದರು. ಕೋಲು ಬಿಸಾಡಿ, ಕಲ್ಲು ತೆಗೆದುಕೊಂಡು, ಸೊಂಟ ಹಿಡಿದುಕೊಂಡು ಬಗ್ಗಿ ಹಿಂದಿನ ಚಕ್ರಕ್ಕೆ ಕೊಟ್ಟರು. ಕಾರು ನಿಂತಿತು. ಕಾರು ತಾನಾಗಿ ಹತ್ತಿತ್ತು, ಗೇಟಿನಲ್ಲಿ ನಿಂತಿತ್ತು, ನಾನು ಸೀಟಿನಲ್ಲಿದ್ದೆ. ಇದು ಸತ್ಯ, ಪುಟ್ಟರಾಜು ಸಾಕ್ಷಿ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬಗ್ಗಿ ನೋಡಿದೆ, ಅದೇ ನನ್ನ ತಪ್ಪು. ಅವರು ಕಲ್ಲಿನ ದಪ್ಪ ಕಡೆಯನ್ನು ಚಕ್ರಕ್ಕೆ ಕೊಟ್ಟಿದ್ದರು. ಹಾಗೆ ಕೊಟ್ಟರೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಚಕ್ರ ಕಲ್ಲನ್ನೇ ತಳ್ಳಿಕೊಂಡು ಜಾರುತ್ತದೆ. ತೆಳು ಕಡೆ ಚಕ್ರದ ಅಡಿಗೆ ಹೋಗಬೇಕು, ದಪ್ಪ ಕಡೆ ಇಳಿಜಾರಿಗೆ. ಇಷ್ಟು ವರ್ಷದ ಕೆಲಸಗಾರ್ತಿ ಅದನ್ನು ನೋಡಿಕೊಂಡು ಹೇಗೆ ಕೂತಿರಲಿ? ಬಾಗಿಲು ತೆಗೆದು, ಸೀರೆ ಎತ್ತಿ ಸಿಕ್ಕಿಸಿ, "ಸರೀರಿ ಭಾವ, ನಿಮಗೆ ಬರಲ್ಲ" ಎಂದು ಕಲ್ಲನ್ನು ತಿರುಗಿಸಿ ಕಾಲಿನಿಂದ ಒದ್ದು ಕೂರಿಸಿದೆ. ತಲೆ ಎತ್ತಿದರೆ ಭಾವನವರು ಬೆಕ್ಕು ಹಾಲು ಕಂಡ ಹಾಗೆ ನಗುತ್ತಿದ್ದರು. ಅವರೂ ನನ್ನ ಮುಖವನ್ನೇ ನೋಡಿ, ಮೊದಲ ಸಲ, ನೇರವಾಗಿ ನನಗೇ ಹೇಳಿದರು:

"ಇಳಿದ್ಯಲ್ಲಮ್ಮಾ!"

ಕಾರು ನಮ್ಮ ಸ್ಟೋರಿನಲ್ಲೇ ಇದೆ. ಗಾಜಿನ ಶೆಡ್ಡಿನಲ್ಲಿ ಈಗ ಗೋಣಿಚೀಲದ ಮೇಲೆ ಹಳೆಯ ಇಂಜಿನ್ ಕೂತಿದೆ, ಅದಕ್ಕೆ ದಿನಾ ಒಂದು ಹೂ. ನಾವಿಬ್ಬರೂ ಆ ದಿನದಿಂದ ಮಾತಾಡುತ್ತೇವೆ, ಅದೂ ಇದೊಂದೇ ವಿಷಯ. ಅವರು ನಾನು ಇಳಿದೆ ಎನ್ನುತ್ತಾರೆ. ಹತ್ತಿದ ಮೇಲೆ ಇಳಿದದ್ದು ಲೆಕ್ಕಕ್ಕಿಲ್ಲ ಎನ್ನುತ್ತೇನೆ ನಾನು. ಅವರ ಬಾಯಿ ದೊಡ್ಡದು, ಬರುವವರೆಲ್ಲ ಅವರ ಕಥೆಯನ್ನೇ ಕೇಳಿಕೊಂಡು ಹೋಗುತ್ತಾರೆ. ನನ್ನ ಬಳಿ ಇರುವುದು ಈ ಹಾಳೆಗಳು ಮಾತ್ರ. ಆದ್ದರಿಂದ ಸಿಂಚನಾ, ಪ್ರೀತಮ್, ಇವನ್ನು ನಿಮ್ಮ ಪುಸ್ತಕಗಳ ನಡುವೆ ಒದ್ದೆಯಾಗದ ಹಾಗೆ ಜೋಪಾನವಾಗಿ ಇಟ್ಟುಕೊಳ್ಳಿ. ಕಾರಿನಲ್ಲಿ ಮಾತ್ರ ಇಡಬೇಡಿ, ಗಾಳಿಗೆ ಹಾರಿ ಹೋಗುತ್ತವೆ. ಇಟ್ಟೇ ಇಡುತ್ತೇವೆ ಎಂದರೆ ಮೇಲೊಂದು ಕಲ್ಲು ಇಡಿ. ಹೇಗೆ ಇಡಬೇಕೆಂದು ನಾನು ಬಂದು ತೋರಿಸುತ್ತೇನೆ.