ಎರಡು ರಾಹುಕಾಲಗಳ ನಡುವೆ ಒಂದು ಟೆಂಡರ್

ಸರ್ಕಾರ ಟೆಂಡರ್ ಪೆಟ್ಟಿಗೆಯನ್ನು ತೆಗೆದುಹಾಕಿದ್ದೇ ವಿಶ್ವನಾಥ್‌ನ ಕಷ್ಟಕ್ಕೆಲ್ಲ ಮೂಲ.

ಮೊದಲಾದರೆ ಲಕೋಟೆಯ ಮೂಲೆಗೆ ಅರಿಶಿನ ಹಚ್ಚಿ, ಇಲಾಖೆಯ ಕಬ್ಬಿಣದ ಪೆಟ್ಟಿಗೆಯೊಳಗೆ ಬಲಗೈಯಿಂದ ಇಳಿಬಿಟ್ಟು, ಅದು ತಳಕ್ಕೆ ಬಿದ್ದ ಸದ್ದು ಕೇಳಿಸಿಕೊಂಡು ಹೊರಬಂದರೆ ಮುಗಿಯುತ್ತಿತ್ತು. ಆ ‘ಧಪ್’ ಎಂಬ ಸದ್ದಿನಲ್ಲಿ ಒಂದು ಭರವಸೆಯಿತ್ತು. ಈಗ ಹೊಸ ನಿಯಮ. ಕಾಗದವಿಲ್ಲ, ಎಲ್ಲವೂ ಪೋರ್ಟಲ್‌ನಲ್ಲಿ. ಗಡುವು ಮುಗಿದ ಕ್ಷಣ ದರಗಳು ತಾವಾಗಿಯೇ ತೆರೆದುಕೊಂಡು ಲೋಕಕ್ಕೆಲ್ಲ ಕಾಣುತ್ತವೆ. ಒಮ್ಮೆ ತೆರೆದ ದರವನ್ನು ತಿದ್ದುವಂತಿಲ್ಲ.

ವಿಶ್ವನಾಥ್ ನೈರೋಬಿಯಲ್ಲಿ ಸಲೈನ್ ತಯಾರಿಸುವ ಕಂಪನಿಯ ಟೆಂಡರ್ ಮ್ಯಾನೇಜರ್. ಸರ್ಕಾರಿ ಆಸ್ಪತ್ರೆಗಳ ಈ ಆರ್ಡರ್ ಕೈತಪ್ಪಿದರೆ ಅವನ ವರ್ಕ್ ಪರ್ಮಿಟ್ ನವೀಕರಣಕ್ಕೆ ಸಹಿ ಹಾಕುವುದಿಲ್ಲವೆಂದು ಮಾಲೀಕ ಕಿಶನ್ ಭಾಯ್ ನಗುನಗುತ್ತಲೇ ಹೇಳಿದ್ದರು. ಪೋರ್ಟಲ್ ಅರ್ಥವಾಗದೆ ಹೆದರಿದ ವಿಶ್ವನಾಥ್, ಇನ್ನೊಂದು ವಾರ ಸಮಯ ಕೊಡಿ ಎಂದು ಇಲಾಖೆಗೆ ಮನವಿಯನ್ನೂ ಕಳಿಸಿದ್ದ. ಉತ್ತರ ಬಂದಿರಲಿಲ್ಲ. ಇಂಥ ಮನವಿಗಳಿಗೆ ಉತ್ತರ ಬರುವುದು ಯಾವಾಗ?

ಗಡುವು ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ. ಬೆಳಿಗ್ಗೆ ಲೊರೆಶೋ ಬಡಾವಣೆಯ ಮನೆಯಲ್ಲಿ ಹೆಂಡತಿ ಚಂಪಾ ಕ್ಯಾಲೆಂಡರ್ ಮುಂದೆ ನಿಂತಳು.

“ಹತ್ತೂವರೆಗೆ ರಾಹುಕಾಲ ಶುರು ರೀ. ಅಷ್ಟರೊಳಗೆ ಸಬ್ಮಿಟ್ ಒತ್ಬಿಡಿ.”

ಪಕ್ಕದ ಮನೆಯ ವಲೇರಿಯನ್ ಮಂಗಳೂರಿನವನು, ಬ್ಯಾಂಕಿನಲ್ಲಿ ಕೆಲಸ, ಆ ವಾರ ರಜೆಯಲ್ಲಿದ್ದ. ದಿನವೂ ಫಿಲ್ಟರ್ ಕಾಫಿಗೆ ಹಾಜರಾಗುತ್ತಿದ್ದ ಅವನು ಲೋಟದಿಂದ ಮುಖ ಎತ್ತಿದ.

“ನಿಮ್ಮ ಕ್ಯಾಲೆಂಡರ್ ಬೆಂಗ್ಳೂರಿದ್ದಲ್ವಾ ಚಂಪಕ್ಕ? ಅಲ್ಲಿ ಹತ್ತೂವರೆ ಅಂದ್ರೆ ಇಲ್ಲಿ ಎಂಟು. ನಿಮ್ಮ ರಾಹು ಆಗ್ಲೇ ಡ್ಯೂಟಿಗೆ ಬಂದಾಯ್ತು ಮಾರಾಯ್ರೆ!”

“ರಾಹುಗೇನು ಇಂಡಿಯನ್ ಪಾಸ್‌ಪೋರ್ಟ್ ಇದ್ಯಾ? ಎಲ್ಲಿ ಸೂರ್ಯ ಹುಟ್ತಾನೋ ಅಲ್ಲಿ ಲೆಕ್ಕ. ಚರ್ಚಿಗೆ ಹೋಗೋ ನಿಮಗ್ಯಾಕೆ ಇದೆಲ್ಲ?”

“ಚರ್ಚಿಗೆ ಹೋಗುದು ಭಾನುವಾರ. ಇವತ್ತು ಶುಕ್ರವಾರ ಅಲ್ವಾ?”

ವಿಶ್ವನಾಥ್ ಯಾರನ್ನೂ ಎದುರುಹಾಕಿಕೊಳ್ಳುವವನಲ್ಲ, ರಾಹುವನ್ನಂತೂ ಮೊದಲೇ ಅಲ್ಲ. ಎರಡು ಲಾರಿಗಳ ನಡುವೆ ಸಿಕ್ಕ ಸೈಕಲ್ಲಿನವನಂತೆ ಲೆಕ್ಕ ಹಾಕಿದ: ಬೆಂಗಳೂರಿನ ರಾಹು ಒಂಬತ್ತೂವರೆಗೆ ಹೋಗುತ್ತಾನೆ, ನೈರೋಬಿಯ ರಾಹು ಹತ್ತೂವರೆಗೆ ಬರುತ್ತಾನೆ. ನಡುವೆ ಇರುವುದು ಒಂದು ಗಂಟೆ. ಚಾರ್ಜಿಗೆ ಹಾಕಿದ್ದ ಫೋನನ್ನು ಕಿತ್ತುಕೊಂಡು ಓಡಿದ.

ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಒಂದು ಮಟಾಟು ಮಿನಿಬಸ್ಸು ವೃತ್ತಕ್ಕೆ ಅಡ್ಡಲಾಗಿ ನಿಂತು, ಊರಿಗೆಲ್ಲ ಕೇಳುವಂತೆ ಹಾಡು ಹಾಕಿಕೊಂಡಿತ್ತು. ಕಚೇರಿ ಸೇರುವಾಗ ಹತ್ತು ದಾಟಿತ್ತು.

“ಸವಾ?” ಎಂದು, ಎಲ್ಲ ಸರಿಯಿದೆಯಾ ಎಂಬಂತೆ ಸ್ವಾಹಿಲಿಯಲ್ಲಿ ಕೇಳಿದಳು ಸಹೋದ್ಯೋಗಿ ಹೆಲನ್.

“ಸವಾ,” ಎಂದು ಸುಳ್ಳು ಹೇಳಿ ಕಂಪ್ಯೂಟರ್ ಮುಂದೆ ಕುಸಿದ. ಎಲ್ಲ ಏರಿಸಿದ ಮೇಲೆ ಪೋರ್ಟಲ್ ಒಟಿಪಿ ಕೇಳಿತು. ಫೋನ್ ತೆಗೆದು ನೋಡಿದರೆ ಅದು ಚಂಪಾಳದು! ತನ್ನದೇ ನಂಬರಿಗೆ ತಾನೇ ಫೋನ್ ಮಾಡಿದ.

“ಚಂಪಾ, ನನ್ ಫೋನಿಗೊಂದು ಒಟಿಪಿ ಬಂದಿದೆ. ಬೇಗ ಓದು!”

“ಅದು…” ಎನ್ನುವಷ್ಟರಲ್ಲಿ ಹಿಂದಿನಿಂದ ವಲೇರಿಯನ್ ಕೂಗಿದ: “ಹೇಳ್ಬೇಡಿ ಚಂಪಕ್ಕ! ಒಟಿಪಿ ಯಾರಿಗೂ ಹೇಳ್ಬಾರ್ದು. ಗಂಡನಿಗೂ! ಈಗ ಕಂಪ್ಯೂಟರೇ ಗಂಡನ ಸ್ವರ ತೆಗೀತದೆ.”

“ಹೌದಾ?” ಚಂಪಾಳ ದನಿ ಗಟ್ಟಿಯಾಯಿತು. “ನೀವು ಅವರೇ ಆಗಿದ್ರೆ ಹೇಳಿ, ನಿನ್ನೆ ಯಾಕೆ ಜಗಳ ಆಡಿದ್ವಿ?”

ವಿಶ್ವನಾಥ್ ಬೆರಳು ಮಡಚಿ ಎಣಿಸಿದ. “ಯಾವ ಜಗಳ? ಬೆಳಿಗ್ಗೇದಾ, ಸಾಯಂಕಾಲದ್ದಾ?”

“ಇವರೇ,” ಎಂದು ಚಂಪಾ ನಿಟ್ಟುಸಿರುಬಿಟ್ಟು ಒಟಿಪಿ ಓದಿದಳು.

ನೈರೋಬಿಯ ರಾಹು ಇನ್ನೇನು ಹೊಸ್ತಿಲಲ್ಲಿದ್ದಾಗ ಪರದೆಯ ಮೇಲೆ ‘ಸ್ವೀಕರಿಸಲಾಗಿದೆ’ ಎಂಬ ಹಸಿರು ಅಕ್ಷರ ಮೂಡಿತು. ಸದ್ದೇನೂ ಆಗಲಿಲ್ಲ. ವಿಶ್ವನಾಥ್ ಆ ‘ಧಪ್’ಗಾಗಿ ಕಾದು ಕೂತ. ಇಷ್ಟು ದೊಡ್ಡ ವಿಷಯ ಇಷ್ಟು ಮೌನವಾಗಿ ನಡೆದುಹೋಗುವುದು ಅವನಿಗೆ ಯಾಕೋ ಒಳ್ಳೆಯದೆನಿಸಲಿಲ್ಲ. ಕಂಪ್ಯೂಟರನ್ನು ಹಾಗೇ ಬಿಟ್ಟು, ಕ್ಯಾಂಟೀನಿನ ಮೂಲೆಯಲ್ಲಿ ಒಬ್ಬನೇ ಚಹಾ ಕುಡಿಯುತ್ತ ರಾಹುಕಾಲ ಕಳೆದ.

ಹನ್ನೆರಡಕ್ಕೆ ಅವನು ಮತ್ತೆ ಕಂಪ್ಯೂಟರ್ ಮುಂದೆ ಕೂತಾಗ ಕಿಶನ್ ಭಾಯ್ ಅವನ ಬೆನ್ನ ಹಿಂದೆ ಬಂದು ನಿಂತರು. ದರಗಳು ತೆರೆದುಕೊಂಡವು. ಪರದೆಯಲ್ಲಿ ಇದ್ದದ್ದು ಒಂದೇ ಹೆಸರು, ಒಂದೇ ದರ.

“ನಾವೊಬ್ಬರೇ!” ಕಿಶನ್ ಭಾಯ್ ಅವನ ಭುಜ ಕುಲುಕಿದರು. “ಉಳಿದವರೆಲ್ಲ ಮಲಗಿದ್ದಾರೇನು ವಿಶ್ವನಾಥ್‌ಜೀ?”

ಹೆಲನ್ ಮೆಲ್ಲನೆ ಕೆಮ್ಮಿದಳು. “ಮಲಗಿಲ್ಲ. ಇಲಾಖೆಯಿಂದ ಹತ್ತೂವರೆ ದಾಟಿದ ಮೇಲೆ ಮೇಲ್ ಬಂದಿದೆ, ಈಗ ನೋಡಿದೆ. ಗಡುವು ಮುಂದಿನ ಶುಕ್ರವಾರಕ್ಕೆ ಹೋಗಿದೆ. ಕೊನೇ ಗಂಟೆಗೆ ಹಾಕೋಣ ಅಂತಿದ್ದವರೆಲ್ಲ ಅದನ್ನ ಓದಿ ಕೈ ಹಿಂದೆ ತಗೊಂಡಿರ್ಬೇಕು.”

“ಹಾಗಾದ್ರೆ ನಮ್ಮ ದರ ಯಾಕೆ ತೆರೀತು?” ಎಂದರು ಕಿಶನ್ ಭಾಯ್.

ಗಡುವು ಮುಂದೂಡಿದ್ದು ಮನುಷ್ಯರು. ದರ ತೆರೆಯುವುದು ಯಂತ್ರ. ಯಂತ್ರಕ್ಕೆ ಯಾರೂ ಹೇಳಿರಲಿಲ್ಲ. ಇನ್ನೊಂದು ವಾರ ನೈರೋಬಿಯ ಸಲೈನ್ ಕಂಪನಿಗಳೆಲ್ಲ ಅವನ ದರವನ್ನು ಮುಂದಿಟ್ಟುಕೊಂಡು, ಅದಕ್ಕಿಂತ ಒಂದು ಶಿಲಿಂಗ್ ಕಡಿಮೆ ಬರೆಯಬಹುದು.

“ಯಾವ ಕತ್ತೆ ಕೇಳಿದ್ದು ಆ ಒಂದು ವಾರ?” ಕಿಶನ್ ಭಾಯ್ ಗುಡುಗಿದರು.

ಹೆಲನ್ ಪರದೆಯನ್ನೇ ನೋಡುತ್ತ ಕೊನೆಯ ಸಾಲು ಓದಿದಳು: “ಶ್ರೀ ವಿಶ್ವನಾಥ್ ಅವರ ಮನವಿಯನ್ನು ಪುರಸ್ಕರಿಸಿ.”

ಕಿಶನ್ ಭಾಯ್ ತಮ್ಮ ಕೋಣೆಗೆ ಹೋಗಿ ಬಾಗಿಲನ್ನು ಮೆಲ್ಲನೆ ಮುಚ್ಚಿಕೊಂಡರು. ಅದನ್ನು ಬಡಿದಿದ್ದರೆ ವಿಶ್ವನಾಥ್‌ಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಫೋನ್ ಹೊಡೆದುಕೊಂಡಿತು. ತನ್ನದೇ ನಂಬರು.

“ರಾಹುಕಾಲ ಮುಗೀಲಿ ಅಂತ ಕಾದು ಮಾಡ್ತಿದೀನಿ ರೀ. ಎಷ್ಟು ಜನ ಹಾಕಿದ್ರು?”

“ನಾನೊಬ್ಬನೇ.”

“ಹಾಗಾದ್ರೆ ನಮಗೇ ಬಂತಲ್ವಾ! ವಲೇರಿಯನ್, ಕೇಳಿದ್ರಾ? ಒಬ್ಬರೇ ಅಂತೆ!”

ಆ ಕಡೆಯಿಂದ ಚಪ್ಪಾಳೆ ಕೇಳಿಸಿತು. ಪರ್ಮಿಟ್ ಸಿಕ್ಕಿತೆಂದು ಅಲ್ಲಿ ಪಾಯಸಕ್ಕೆ ಹಾಲು ಇಡುವ ಮಾತೂ ಶುರುವಾಯಿತು. ವಿಶ್ವನಾಥ್ ಫೋನನ್ನು ಕಿವಿಗೆ ಒತ್ತಿಕೊಂಡು, ಮುಚ್ಚಿದ ಬಾಗಿಲನ್ನೇ ನೋಡುತ್ತ ಕೂತ.

“ರೀ, ಯಾಕೆ ಮಾತೇ ಇಲ್ಲ? ಅವರೇ ತಾನೆ ನೀವು?”