ವೇದಿಕೆಯ ಮೇಲೆ ಕೂತೇ ಗೈರುಹಾಜರಾದವನ ಅಹವಾಲು

ಕಾಲೇಜು ಅಧ್ಯಾಪಕರ ಬೋಧನಾ ಸಮ್ಮೇಳನದ ಮಾನ್ಯ ಸಂಚಾಲಕರೇ,

ಬ್ಯಾನರಿನಲ್ಲಿ ಸಮ್ಮೇಳನದ ಹೆಸರಿಗಿಂತಲೂ, ಕಡೆಗೆ ಬೋಧನೆ ಎಂಬ ಪದಕ್ಕಿಂತಲೂ ದಪ್ಪ ಅಕ್ಷರಗಳಲ್ಲಿ ರಾರಾಜಿಸಿದ ತಮ್ಮ ಹೆಸರಿಗೆ ಮೊದಲು ನಮಸ್ಕರಿಸಿ, ತಾವೂ ತಮ್ಮ ಸಮಿತಿ, ಉಪಸಮಿತಿ, ಊಟದ ಸಮಿತಿಗಳೂ ಕ್ಷೇಮವೆಂದು ನಂಬಿ, ಚರಿತ್ರೆಯ ಅಧ್ಯಾಪಕನಾದ ನಾನು ಈ ಪತ್ರವನ್ನು ಊರಿಗೆಲ್ಲ ಕೇಳಿಸುವಂತೆ ಬರೆಯುತ್ತಿದ್ದೇನೆ. ತಮಗೊಬ್ಬರಿಗೇ ಬರೆದ ಪತ್ರಕ್ಕೆ "ಗೈರುಹಾಜರಾದವರ ಅಹವಾಲುಗಳನ್ನು ಪರಿಗಣಿಸಲಾಗುವುದಿಲ್ಲ" ಎಂಬ ಉತ್ತರ ಬಂದಿರುವುದರಿಂದ ಬೇರೆ ದಾರಿ ತೋಚಲಿಲ್ಲ.

ತಮ್ಮ ಸಮ್ಮೇಳನ ಫಲಕಾರಿಯಲ್ಲವೆಂದು ಯಾರಾದರೂ ಆಡಿಕೊಂಡರೆ ಅವರನ್ನು ದಯವಿಟ್ಟು ನನ್ನ ಬಳಿ ಕಳಿಸಿ. ಮೊದಲ ದಿನ ಬೆಳಿಗ್ಗೆ ತರಬೇತಿ ಕೊಡಲು ಬಂದ ಮೇಡಂ, "ಈ ಮೂರು ದಿನ ನೀವು ಅಧ್ಯಾಪಕರು ಅನ್ನೋದನ್ನ ಮರೆತುಬಿಡಿ, ವಿದ್ಯಾರ್ಥಿಗಳಾಗಿಬಿಡಿ" ಎಂದು ಅಪ್ಪಣೆ ಕೊಡಿಸಿದರು. ಚಹಾ ವಿರಾಮ ಮುಗಿಯುವಷ್ಟರಲ್ಲಿ ಹಿಂದಿನ ಬೆಂಚುಗಳು ಕಿಕ್ಕಿರಿದು, ಮುಂದಿನ ಸಾಲು ಬಿಕೋ ಎನ್ನುತ್ತಿತ್ತು. ಸಸ್ಯಶಾಸ್ತ್ರದ ವಿಭಾಗ ಮುಖ್ಯಸ್ಥರು ತಮ್ಮ ಆಮಂತ್ರಣ ಪತ್ರಿಕೆಯನ್ನು ಮಡಚಿ ರಾಕೆಟ್ ಮಾಡಿದ್ದರು. ನಿವೃತ್ತಿಯ ಅಂಚಿನಲ್ಲಿರುವ ಅರ್ಥಶಾಸ್ತ್ರದ ಹಿರಿಯರೊಬ್ಬರು ಎದ್ದು ನಿಂತು, "ಮಿಸ್, ಇವರು ನನ್ನ ಪೆನ್ನು ಕೊಡ್ತಿಲ್ಲ" ಎಂದರು. ಇಷ್ಟು ಬೇಗ ತಲೆಗೆ ಹತ್ತಿದ ತರಬೇತಿಯನ್ನು ನನ್ನ ಸೇವಾವಧಿಯಲ್ಲೇ ನಾನು ಕಂಡಿಲ್ಲ.

ಈ ವಿದ್ಯಾರ್ಥಿದೆಸೆಯ ಭರದಲ್ಲೇ ಎರಡನೆಯ ದಿನ ನಮ್ಮ ಕಾಲೇಜಿನ ಗಣಿತದ ಮೇಷ್ಟ್ರು ನನ್ನ ಪಕ್ಕಕ್ಕೆ ಸರಿದು, "ಅಕ್ಕ ಇದೇ ಊರಲ್ಲಿದ್ದಾಳೆ ಕಣಯ್ಯಾ, ಹೋಗಿ ಮುಖ ತೋರಿಸಿ ಬರ್ತೀನಿ. ನನ್ನ ಹೆಸರು ಕೂಗಿದಾಗ ಒಂದು ಯಸ್ ಅಂದ್ಬಿಡು, ನಿನ್ನ ಗಂಟೇನು ಹೋಗುತ್ತೆ" ಎಂದರು. ಹುಡುಗರ ಇಂಥ ಸುಳ್ಳು ಹಾಜರಿಯನ್ನು ಹಿಡಿಯುವುದರಲ್ಲಿ ನಾನು ಕಾಲೇಜಿಗೇ ಹೆಸರಾದವನಾದ್ದರಿಂದ, ಆ ವಿದ್ಯೆಯ ಒಳಗುಟ್ಟೆಲ್ಲ ನನಗೆ ಗೊತ್ತು. ಅವರ ಹೆಸರು ಬಂದಾಗ ಮೂಗಿನಿಂದ ತುಸು ಗಂಭೀರವಾದ ಒಂದು ಯಸ್ ಹೊರಡಿಸಿದೆ. ಹಾಜರಿ ಕೂಗುತ್ತಿದ್ದ ತಮ್ಮ ಸಹಾಯಕರು ತಲೆಯೆತ್ತಿ, "ಓ, ನೀವೇನಾ ಸಾರ್? ಬನ್ನಿ ಬನ್ನಿ, ಇವತ್ತಿನ ಮಾದರಿ ಪಾಠ ನಿಮ್ಮದೇ" ಎಂದು ಕೈಹಿಡಿದು ವೇದಿಕೆ ಹತ್ತಿಸಿ, ಗಣಿತದ ಮೇಷ್ಟ್ರ ಬ್ಯಾಡ್ಜನ್ನು ನನ್ನ ಎದೆಗೆ ಚುಚ್ಚಿಯೇಬಿಟ್ಟರು.

ಹಾಜರಿ ಇನ್ನೂ ಮುಗಿದಿರಲಿಲ್ಲ. ಪಟ್ಟಿಯಲ್ಲಿ ಮುಂದಿನ ಹೆಸರು ನನ್ನದೇ. ಸಹಾಯಕರು ಅದನ್ನು ಮೂರು ಸಲ ಕೂಗಿದರು. ಮೂರು ಸಲವೂ ನಾನು ವೇದಿಕೆಯ ಮೇಲಿಂದ ಸಭೆಯ ಮೂಲೆಮೂಲೆಯನ್ನೂ ನೋಡಿ, ಈ ಮನುಷ್ಯ ಎಲ್ಲಿ ಹಾಳಾಗಿಹೋದ ಎಂಬಂತೆ ತಲೆಯಾಡಿಸಿದೆ. ತರಬೇತಿಯ ಮೇಡಂ ನನ್ನತ್ತ ತಿರುಗಿ, "ಇಂಥವರಿಂದಲೇ ನೋಡಿ ಸಾರ್ ನಮ್ಮ ವೃತ್ತಿಗೆ ಕೆಟ್ಟ ಹೆಸರು" ಎಂದರು. "ಹೌದು ಮೇಡಂ, ನಾಚಿಕೆಗೇಡು" ಎಂದು ನಾನೂ ಒಪ್ಪಿಕೊಳ್ಳಬೇಕಾಯಿತು.

ಇನ್ನು ಪಾಠ. ಭಿನ್ನರಾಶಿ ಎಂದೊಡನೆ ನನಗೆ ಬೆವರಿಳಿಯಿತಾದರೂ, ಗೊತ್ತಿದ್ದ ದಾರಿ ಹಿಡಿದು, ಮಗ ಹುಟ್ಟಿದಾಗಲೆಲ್ಲ ಉಳಿದ ರಾಜ್ಯದಲ್ಲಿ ಅರ್ಧ ಕೊಟ್ಟುಬಿಡುತ್ತಿದ್ದ ಒಬ್ಬ ರಾಜನನ್ನು ಅಲ್ಲೇ ಸೃಷ್ಟಿಸಿದೆ. ರಾಜ್ಯ ಕರಗಿ ಕರಗಿ ಅರಮನೆಯ ಬಚ್ಚಲುಮನೆಯಷ್ಟಾಗಿ, ರಾಣಿ ಮತ್ತೆ ಬಸುರಿಯಾದಾಗ ಸಭೆ ಉಸಿರು ಬಿಗಿಹಿಡಿದಿತ್ತು. ಯಾರೋ "ಸಾರ್, ಸೂತ್ರ?" ಎಂದರು. "ಅದನ್ನು ಕಂಡುಹಿಡಿಯುವ ಮೊದಲೇ ರಾಜ ತೀರಿಕೊಂಡ" ಎಂದೆ. ಮುಂದಿನ ಸಾಲಿಗೆ ಬಂದು ಕೂತಿದ್ದ ಅರ್ಥಶಾಸ್ತ್ರದ ಹಿರಿಯರು ಕಣ್ಣೊರೆಸಿಕೊಂಡರು. ಗಣಿತದ ಮೇಷ್ಟ್ರಿಗೆ ಆ ಸಂಜೆಯೇ ಅತ್ಯುತ್ತಮ ಅಧ್ಯಾಪಕ ಫಲಕ ಘೋಷಣೆಯಾಯಿತು. ಒಂದು ಹೊತ್ತಿನ ಹಾಜರಿ ತಪ್ಪಿದರೂ ಪ್ರಮಾಣಪತ್ರವಿಲ್ಲವೆಂಬ ತಮ್ಮ ನಿಯಮದಂತೆ ನನಗೆ ಏನೂ ಸಿಗಲಿಲ್ಲ.

ಆ ಪ್ರಮಾಣಪತ್ರವಿಲ್ಲದೆ ನನ್ನ ಬಡ್ತಿಯಿಲ್ಲ ಎಂಬುದೇ ನನ್ನ ಸಂಕಟ. ಆಯ್ಕೆ ಸಮಿತಿ ಈ ತಿಂಗಳ ಕೊನೆಗೆ ಕೂರುತ್ತದೆ. ಪ್ರಾಂಶುಪಾಲರು, "ಸಮ್ಮೇಳನಕ್ಕೆ ಅಂತ ಹೋಗಿ ಸಮ್ಮೇಳನಕ್ಕೇ ಗೈರಾಗೋದು ಅಂದ್ರೆ ಹ್ಯಾಗ್ರೀ?" ಎನ್ನುತ್ತಾರೆ. ನನ್ನಾಕೆ ಅಷ್ಟೂ ಕೇಳದೆ, "ಹಾಗಾದ್ರೆ ಎಲ್ಲಿದ್ರಿ?" ಎಂದಷ್ಟೇ ಕೇಳಿ ಸುಮ್ಮನಾಗಿದ್ದಾಳೆ, ಆ ಸುಮ್ಮನಿರುವಿಕೆ ಇನ್ನೂ ನಡೆದಿದೆ. ಗಣಿತದ ಮೇಷ್ಟ್ರಂತೂ ಫಲಕವನ್ನು ಸ್ಟಾಫ್ ರೂಮಿನಲ್ಲಿ ನನ್ನ ಕಣ್ಣೆದುರಿಗೇ ನಿಲ್ಲಿಸಿ, "ನೀನೂ ಒಂದ್ಸಲ ಪೂರ್ತಿ ಕೂತು ಕೇಳಯ್ಯಾ, ಕಲಿಯೋದು ತುಂಬಾ ಇರುತ್ತೆ" ಎಂದು ಬುದ್ಧಿ ಹೇಳುತ್ತಿದ್ದಾರೆ.

ಆದ್ದರಿಂದ ಮಾನ್ಯರೇ, ವಿದ್ಯಾರ್ಥಿಗಳಾಗಿ ಎಂದವರು ತಮ್ಮ ಕಡೆಯವರು, ಆದವರು ನಾವು ಎಂಬುದನ್ನು ಮನಸ್ಸಿನಲ್ಲಿಟ್ಟು, "ಇವರು ಬಂದಿದ್ದರು, ಆದರೆ ಇವರಾಗಿ ಬಂದಿರಲಿಲ್ಲ" ಎಂದಾದರೂ ಒಂದು ಪ್ರಮಾಣಪತ್ರ ದಯಪಾಲಿಸಬೇಕು. ಅದಾಗದಿದ್ದರೆ ಎರಡನೆಯ ದಿನವನ್ನು ಪಂಚಾಂಗದಿಂದಲೇ ತೆಗೆಸಬೇಕು. ಮೇಷ್ಟ್ರ ಫಲಕ ಕಿತ್ತುಕೊಳ್ಳಿ ಎನ್ನುವಷ್ಟು ಸಣ್ಣವನು ನಾನಲ್ಲ. ಕಿತ್ತುಕೊಂಡರೆ ಬೇಡವೆನ್ನುವಷ್ಟು ದೊಡ್ಡವನೂ ಅಲ್ಲ.

ಇದ್ದೂ ಇಲ್ಲದವನಾದರೂ,
ಸದಾ ತಮ್ಮ ವಿಶ್ವಾಸಿ,
ಚರಿತ್ರೆಯ ಅಧ್ಯಾಪಕ

ತಾ.ಕ.: ಸಮ್ಮೇಳನದ ವರದಿ ತಲುಪಿತು. ತಾವು ಮೂರೂ ದಿನ ಸಭೆಯಲ್ಲಿ ಪೂರ್ಣಾವಧಿ ಉಪಸ್ಥಿತರಿದ್ದಿರೆಂದು ಅದರಲ್ಲಿ ಓದಿ ಹಿಗ್ಗಿದೆ. ತಾವು ನೋಡಲು ಹೇಗಿದ್ದೀರೆಂದು ಅಲ್ಲಿಗೆ ಹೋಗಿದ್ದವರನ್ನೆಲ್ಲ ವಿಚಾರಿಸಿದೆ, ಒಬ್ಬರಿಗೂ ಗೊತ್ತಿಲ್ಲ. ತಮ್ಮ ಸಹಾಯಕರಿಗೆ ಫೋನು ಮಾಡಿದರೆ, ಅವರೂ ಈಚೆಗೆ ನೋಡಿಲ್ಲವಂತೆ. ತಮ್ಮ ಪರವಾಗಿ ಕೂತು ಎದ್ದ ಪುಣ್ಯಾತ್ಮರಿಗೆ ಯಾವ ನಮೂನೆಯ ಪ್ರಮಾಣಪತ್ರ ಕೊಟ್ಟಿರೆಂದು ದಯವಿಟ್ಟು ತಿಳಿಸಿ. ನನಗೂ ಅದೇ ಸಾಕು.